ಓರಗಿತ್ತಿಯ ಓಕುಳಿಗೆ ನಾನು ಹಿಂಡಿದ ನಿಂಬೆ

ನನ್ನ ಓರಗಿತ್ತಿ ಜಯಮ್ಮನಿಗೆ ಬರುವುದೆಲ್ಲ ನನಗೂ ಬರುತ್ತದೆ, ಹೊಗಳಿಸಿಕೊಳ್ಳುವುದೊಂದು ಬಿಟ್ಟು. ಮಲ್ಲತ್ತಹಳ್ಳಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಆರತಿಗೆ ಅವಳೇ ಬೇಕು. ಅವಳು ಅರಿಶಿನದ ನೀರಿಗೆ ಸುಣ್ಣ ಕಲಸಿದರೆ ಓಕುಳಿ ದಾಸವಾಳದಂತೆ ಕೆಂಪಾಗುತ್ತದಂತೆ. ನಾನು ಕಲಸಿದರೇನು ಹಸಿರಾಗುತ್ತದೆಯೇ?

ಈ ಸಲ ಬರುತ್ತಿದ್ದವಳು ನನ್ನ ಸ್ವಂತ ಮೊಮ್ಮಗನ ಹೆಂಡತಿ. ಆರತಿ ನನ್ನದೇ ಎಂದುಕೊಂಡಿದ್ದೆ.

“ಜಯಮ್ಮನೇ ಕಲಸಲಿ ಕಣೇ. ನಿಂದು ಇಟ್ಟಿಗೆ ಪುಡಿ ಥರ ಇರುತ್ತೆ,” ಎಂದರು ಯಜಮಾನರು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಸಿಕ್ಕ ಬಿರುದು!

ನನಗೆ ಓದುಬರಹ ಅಷ್ಟಕ್ಕಷ್ಟೇ. ಆದರೆ ಬಟ್ಟೆ ಒಗೆದ ಬುದ್ಧಿ ಇದೆ. ಸಾರಿನ ಕಲೆಗೆ ಸೋಪು ತಾಗಿದರೆ ಕೆಂಪು, ನಿಂಬೆ ತಾಗಿದರೆ ಮತ್ತೆ ಹಳದಿ. ಜಯಮ್ಮ ಓಕುಳಿ ಕಲಸಿಟ್ಟು ಸೀರೆ ಬದಲಾಯಿಸಲು ಹೋದದ್ದೇ, ನಾನು ಅಡುಗೆಮನೆಗೆ ನುಗ್ಗಿ ಅವಳ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿದೆ. ಜಗ್ಗಲಿಲ್ಲ. ಇನ್ನರ್ಧ. ಇನ್ನೊಂದು ಹಣ್ಣು. ಓಕುಳಿ ಹೋಗಿ ತಿಳಿಸಾರಾಯಿತು! ಮೇಲೊಂದು ತಟ್ಟೆ ಮುಚ್ಚಿ, ಅವಳ ಮಾನ ಹೋಗುವುದನ್ನು ನೋಡಲು ಬಾಗಿಲಲ್ಲಿ ಒಳ್ಳೆ ಜಾಗ ಹಿಡಿದು ನಿಂತೆ.

ಕಾರು ಬಂತು. ಜಯಮ್ಮ ತಟ್ಟೆ ತಂದು ನನ್ನ ಕೈಗೇ ಇಟ್ಟಳು!

“ನಿಮ್ಮ ಮೊಮ್ಮಗ ಅಕ್ಕ, ನೀವೇ ಎತ್ತಬೇಕು. ನಿಮಗೋಸ್ಕರಾನೇ ಕಲಸಿದ್ದು.”

ಮುಚ್ಚಳವನ್ನೂ ಅವಳೇ ತೆಗೆದಳು. ಬೀದಿಯೆಲ್ಲ ಬಗ್ಗಿ ನೋಡಿತು.

“ಏನೇ ಇದು, ಹೆಣ್ಣಿಗೆ ಊಟ ಇಲ್ಲೇ ಬಡಿಸ್ತೀಯಾ?” ಎಂದರು ಯಜಮಾನರು.

ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದೆ. ಒಂದು ಚಿಟಿಕೆ ಕಲಸಿದೆ. ಹಳದಿ. ಇನ್ನೊಂದು. ಹಳದಿಯೇ! ಸಿಟ್ಟಿಗೆ ಡಬ್ಬಿಯನ್ನೇ ಬಳಿದು ಹಾಕಿದೆ. ಕೆಂಪಾಯಿತು. ಉಸಿರು ಬಿಟ್ಟೆ.

ಆದರೆ ಮದುವೆ ಹೆಣ್ಣು ಸೌಮ್ಯ ನಾಗರಬಾವಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಡಂ. ಹೊಸಿಲಾಚೆಯಿಂದಲೇ ಪಾಠ ಶುರು ಮಾಡಿದಳು.

“ಇದು ತಕ್ಕಡಿ ಇದ್ದಂಗೆ ಅಜ್ಜಿ. ಹಳದಿ, ಕೆಂಪು ಎರಡೂ ಇದರಲ್ಲೇ ಇರುತ್ತೆ. ಸುಣ್ಣ ಬಿದ್ರೆ ಕೆಂಪಿನ ಕಡೆ ವಾಲುತ್ತೆ, ಹುಳಿ ಬಿದ್ರೆ ಹಳದಿ ಕಡೆ. ಇಷ್ಟೊಂದು ಸುಣ್ಣ ಬೇಕಾಯ್ತು ಅಂದ್ರೆ, ಯಾರೋ ಎರಡು ನಿಂಬೆಹಣ್ಣಾದ್ರೂ ಹಿಂಡಿರ್ಬೇಕು!”

ಲೆಕ್ಕ ಸರಿಯಾಗಿತ್ತು. ಎಲ್ಲರೂ ಜಯಮ್ಮನನ್ನು ನೋಡಿದರು. ಜಯಮ್ಮ ನನ್ನ ಸೆರಗು ನೋಡಿದಳು. ಅಲ್ಲಿ ನಿಂಬೆಯ ಬೀಜ ಅಂಟಿತ್ತು.

“ದೃಷ್ಟಿ ಆಗ್ದೇ ಇರ್ಲಿ ಅಂತ ಅಕ್ಕನೇ ಹಿಂಡಿರ್ತಾರೆ, ಬಿಡಿ,” ಎಂದಳು. ಅವಳ ಆ ಒಳ್ಳೆಯತನವನ್ನು ನಾನಿನ್ನೂ ಕ್ಷಮಿಸಿಲ್ಲ.

ಮೊನ್ನೆ ಸೌಮ್ಯಳ ಸೀಮಂತ. ಆರತಿಗೆ ಜಯಮ್ಮ. ನನಗೂ ಮರ್ಯಾದೆ ಕಡಿಮೆಯಾಗಲಿಲ್ಲ. ಕೈ ಹಿಡಿದು ಕರೆದೊಯ್ದು, ದೊಡ್ಡ ಕುರ್ಚಿ ಹಾಕಿ ಕೂರಿಸಿದರು. ಅಡುಗೆಮನೆಯಿಂದ ಎಷ್ಟು ದೂರ ಹಾಕಬಹುದೋ ಅಷ್ಟು ದೂರ!