ಅಂಗಳದ ಅಡ್ಡದಾರಿ

ಹುಲ್ಲುಹಾಸಿನ ನಡುವೆ ಬೋಳು ಗೆರೆಯೊಂದು ಎದ್ದಿತ್ತು. ಗೇಟಿನಿಂದ ಹೊರಟು ಮೆಟ್ಟಿಲ ಬುಡದ ತನಕ, ಮೂಲೆಯಿಂದ ಮೂಲೆಗೆ, ಎಣ್ಣೆ ಹಚ್ಚಿ ತೆಗೆದ ಬೈತಲೆಯ ಹಾಗೆ. ಬೆಳಗ್ಗೆ ಹಲ್ಲುಜ್ಜುತ್ತ ಬಾಲ್ಕನಿಗೆ ಬಂದ ನಕ್ಷೆಗಾರ ಅದನ್ನು ನೋಡಿ ಬಾಯಲ್ಲಿದ್ದ ಪೇಸ್ಟನ್ನು ಗುಳಕ್ಕನೆ ನುಂಗಿಬಿಟ್ಟ.

ಪಾಪ, ಅವನ ಸಂಕಟ ಅವನಿಗೇ ಗೊತ್ತು. ಉದ್ಯಾನ ವಿನ್ಯಾಸದ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ, ಬೇರೆಯವರು ಹೇಳಿದ ಕಡೆ ಮರದ ಗುರುತಿಗೆಂದು ಸೊನ್ನೆ ಸುತ್ತುವುದೇ ಅವನ ಕೆಲಸ. ಕಾಡಿ ಬೇಡಿ ಈ ಸಲ ತಾನು ವಾಸವಿರುವ ವಸತಿ ಕಟ್ಟಡದ ಅಂಗಳವನ್ನು ತಾನೇ ವಿನ್ಯಾಸ ಮಾಡುವ ಅವಕಾಶ ಗಿಟ್ಟಿಸಿದ್ದ. ಇವತ್ತು ಸಂಜೆ ಐದಕ್ಕೆ ಮುಖ್ಯ ವಿನ್ಯಾಸಕಿ ಬಂದು ನೋಡುವವರಿದ್ದರು. ಮೆಚ್ಚಿದರೆ ಕಚೇರಿಯ ಕಿಟಕಿ ಪಕ್ಕದ ಖಾಲಿ ಮೇಜು ಅವನದು, ನಕ್ಷೆಯ ಕೆಳಗಿನ ಸಹಿಯೂ ಅವನದೇ. ಮೆಚ್ಚದಿದ್ದರೆ ನಿವೃತ್ತಿಯಾಗುವ ತನಕ ಸೊನ್ನೆ.

ನಲವತ್ತು ಹಾಸುಗಲ್ಲಿನ ದಾರಿಯನ್ನು ಅವನು ಎಷ್ಟು ಮುದ್ದಾಗಿ ಬಳುಕಿಸಿದ್ದ! ಗೇಟಿನಿಂದ ಹೂವಿನ ಪಾತಿಯನ್ನು ಬಳಸಿ, ಬೆಂಚಿನ ಮುಂದೆ ಹಾದು, ನಿಧಾನಕ್ಕೆ ಮೆಟ್ಟಿಲು ಸೇರುವ ದಾರಿ. ಅದರ ಮೇಲೆ ಈಗ ಓಡಾಡುತ್ತಿದ್ದವು ಇರುವೆಗಳು ಮಾತ್ರ. ಬೆಂಚಿನ ಮೇಲೆ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಉಲ್ಲನ್ ಹೆಣೆಯುತ್ತ ಒಬ್ಬರೇ ಕೂತಿದ್ದರು.

ನಕ್ಷೆಗಾರ ಓಡಿಹೋಗಿ ಬೋಳು ಗೆರೆಗೆ ಅಡ್ಡಲಾಗಿ ಹಗ್ಗ ಕಟ್ಟಿದ. ಎರಡನೇ ಮಹಡಿಯ ಎಲೆಕ್ಟ್ರಿಷಿಯನ್ ಅದನ್ನು ಹಾರಿ ದಾಟಿದ. ಪಕ್ಕದ ಮನೆಯ ಟೈಲರಮ್ಮ, "ಅಬ್ಬಾ, ಅಂತೂ ನಮ್ಮ ಕಷ್ಟ ಅರ್ಥ ಆಯ್ತಲ್ಲ ನಿಮಗೆ!" ಎನ್ನುತ್ತ ಒದ್ದೆ ದುಪ್ಪಟಿಗಳನ್ನು ತಂದು ಹರವಿದರು.

"ಬಟ್ಟೆಗಲ್ಲ ಕಣ್ರೀ ಅದು!" ಎಂದು ನಕ್ಷೆಗಾರ ಕೂಗುವಷ್ಟರಲ್ಲಿ ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ದುಪ್ಪಟಿ ಸರಿಸಿ ತಲೆ ಹೊರಹಾಕಿದರು.

"ಏನಪ್ಪಾ, ನಿಮ್ಮ ವಿದ್ಯೆಯಲ್ಲಿ ಮೊದಲನೇ ಪಾಠ ಏನು?"

"ಜನ ಎಲ್ಲಿ ನಡೀತಾರೋ ಅಲ್ಲೇ ದಾರಿ ಹಾಕಬೇಕು ಅಂತ, ಸಾರ್."

"ಮತ್ತೆ? ಜನ ಉತ್ತರ ಬರೆದಾಗಿದೆ. ತಪ್ಪು ನಿಂದು. ತಿದ್ದು!"

ನಕ್ಷೆಗಾರನ ಕಣ್ಣು ತೆರೆಯಿತು. ಕೂಡಲೇ ಕಚೇರಿಗೆ ರಜೆ ಹೇಳಿ ಹಾರೆ ಹಿಡಿದ. ಅಷ್ಟೇ ತಡ, ಇಡೀ ಕಟ್ಟಡ ಕೆಳಗಿಳಿಯಿತು. ಎರಡು ಕಲ್ಲಿನ ನಡುವೆ ಎಷ್ಟು ಅಂತರ ಎಂಬುದರ ಮೇಲೆ ಜಗಳ ಶುರುವಾಯಿತು. ಟೈಲರಮ್ಮ ಟೇಪು ಹಿಡಿದು ತಮ್ಮ ಹೆಜ್ಜೆ ಅಳೆದರು. ಹೆಡ್‌ಮಾಸ್ಟರು ತಮ್ಮ ಹೆಜ್ಜೆಯೇ ಸರಿಯಾದ ಹೆಜ್ಜೆ ಎಂದು ಅಂಗಳದುದ್ದಕ್ಕೂ ಕವಾಯತು ಮಾಡಿ ತೋರಿಸಿದರು. ಎಲೆಕ್ಟ್ರಿಷಿಯನ್, "ಇಳಿಜಾರು ಬಿಡ್ರೀ, ಇಲ್ಲಾಂದ್ರೆ ನೀರು ನಮ್ಮ ಮೀಟರ್ ರೂಮಿಗೇ ಬರತ್ತೆ," ಎಂದು ಹದಿನೆಂಟು ಕಲ್ಲುಗಳನ್ನು ಮತ್ತೆ ಕೀಳಿಸಿದ. ನಕ್ಷೆಗಾರ ಹೆಬ್ಬೆರಳು ಜಜ್ಜಿಕೊಂಡ, ಊಟ ಬಿಟ್ಟ, ಅಂಗಿ ಹರಿದುಕೊಂಡ. ನಾಲ್ಕೂವರೆಗೆ ಕಲ್ಲುಗಳೆಲ್ಲ ಮೂಲೆಯಿಂದ ಮೂಲೆಗೆ ನೆಟ್ಟಗೆ ಕೂತವು. ಹಳೇ ದಾರಿಯ ಮೇಲೆ ಕಚೇರಿಯ ನರ್ಸರಿಯಿಂದ ತರಿಸಿದ ಹೊಸ ಹುಲ್ಲು ಹಾಸಿದ್ದಾಯಿತು. ಎಲ್ಲರೂ ಕೈಕಾಲು ತೊಳೆಯಲು ಮೇಲೆ ಹೋದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಎಲೆಕ್ಟ್ರಿಷಿಯನ್ ಕೆಲಸಕ್ಕೆಂದು ಕೆಳಗಿಳಿದ. ಹೊಸ ದಾರಿಯನ್ನು ನೋಡಿದ. ನಿಂತ. ಸರಕ್ಕನೆ ತಿರುಗಿ ಹೊಸ ಹುಲ್ಲಿನ ಮೇಲೆ ಬಳಸಿಕೊಂಡು ಗೇಟಿಗೆ ಹೊರಟ! ಹಿಂದೆಯೇ ಟೈಲರಮ್ಮ. ಅವರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೆಡ್‌ಮಾಸ್ಟರು.

ನಕ್ಷೆಗಾರ ಎಲೆಕ್ಟ್ರಿಷಿಯನ್ನನ ತೋಳು ಹಿಡಿದ. "ನಿಮಗೇನು ತಲೆ ಕೆಟ್ಟಿದೆಯೇನ್ರೀ? ನಿಮಗೋಸ್ಕರ ತಾನೇ ಅಲ್ಲಿ ಹಾಕಿದ್ದು!"

ಎಲೆಕ್ಟ್ರಿಷಿಯನ್ ಅತ್ತಿತ್ತ ನೋಡಿ ಪಿಸುಗುಟ್ಟಿದ. "ನಿಮ್ಮತ್ತೆ ಬೆಂಚು ಎಳ್ಕೊಂಡು ಹೊಸ ದಾರಿ ಪಕ್ಕಕ್ಕೆ ಬಂದಿದಾರೆ, ನೋಡಿ."

"ಬಂದ್ರೆ?"

"ಅವರ ಮೊಣಕಾಲಿನ ಆಪರೇಷನ್ ಕತೆ ಏಳು ಸಲ ಕೇಳಿದೀನಿ ಸ್ವಾಮಿ. ಈಗ ಬೇಕಾದ್ರೆ ನಾನೇ ಆಪರೇಷನ್ ಮಾಡ್ಬಲ್ಲೆ."

"ಹಾಗಾದ್ರೆ ಇಷ್ಟು ದಿನ ಹುಲ್ಲು ತುಳಿದದ್ದು..."

"ದೂರ, ಹತ್ತಿರ ಅಂತ ಯಾರು ನೋಡಿದ್ರು? ತಪ್ಪಿಸ್ಕೊಂಡ್ರೆ ಸಾಕಾಗಿತ್ತು!"

ನಕ್ಷೆಗಾರ ಓಡಿ ಹೋಗಿ, "ಅತ್ತೆ, ಒಂದೇ ಒಂದು ಗಂಟೆ ಮೇಲೆ ಹೋಗಿ ಮಲಗ್ತೀರಾ?" ಎಂದು ಕೈ ಮುಗಿದ.

"ಯಾಕೆ ಅಳಿಯಂದ್ರೆ? ಇಲ್ಲಿ ಗಾಳಿ ಹಿತವಾಗಿದೆ."

ಗೇಟು ಕಿರುಗುಟ್ಟಿತು. ಮುಖ್ಯ ವಿನ್ಯಾಸಕಿ! ಅವರು ನೇರ ಕಲ್ಲಿನ ಮೇಲೆ ನಡೆದು ಬಂದರು. ಪಾಪ, ಅವರಿಗೇನು ಗೊತ್ತು?

"ಬಾಮ್ಮ, ಕೂತ್ಕೋ," ಎಂದರು ಅತ್ತೆ. "ಎರಡು ವರ್ಷದ ಹಿಂದೆ ನನ್ನ ಎಡ ಮೊಣಕಾಲು..."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ನಕ್ಷೆಗಾರನಿಗೆ. ಐದೂವರೆಯಾಯಿತು. ಆರಾಯಿತು. ಬಾಲ್ಕನಿಗಳಲ್ಲಿ ಜನ ಸಾಲಾಗಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವನು ಮಾತ್ರ ತುಳಿದು ಹಾಳಾದ ಹುಲ್ಲಿಗೆ ಮರೆಯಾಗಿ ಕಾಲಗಲಿಸಿ ನಿಂತಿದ್ದ.

ಆರೂಕಾಲಿಗೆ ವಿನ್ಯಾಸಕಿ ಎದ್ದರು. ಮುಖ ಅರಳಿತ್ತು.

"ಒಂದೂಕಾಲು ಗಂಟೆ ಕೂತಿದ್ದೆ ಕಣ್ರೀ, ಏಳಬೇಕು ಅಂತ ಒಂದ್ಸಲಾನೂ ಅನ್ನಿಸಲಿಲ್ಲ! ಬೆನ್ನಿಗೆ ಪೊದೆಯ ಆಸರೆ, ತಲೆಗೆ ಕಟ್ಟಡದ ನೆರಳು, ಮುಖಕ್ಕೆ ಗಾಳಿ, ಬರೋರು ಹೋಗೋರೆಲ್ಲ ಕಣ್ಣೆದುರಿಗೆ. ವಿನ್ಯಾಸ ಅಂದ್ರೆ ಇದು. ಈ ಬೆಂಚಿಗೆ ಜಾಗ ಆರಿಸಿದ್ದು ಯಾರು?"

ನಕ್ಷೆಗಾರನಿಗೆ ಹೋದ ಜೀವ ಬಂತು. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

"ನಾನೇ ಕಣಮ್ಮ," ಎಂದರು ಅತ್ತೆ. "ಇವರು ಇಟ್ಟ ಕಡೆ ಬಿಸಿಲು ಕಣ್ಣಿಗೇ ಹೊಡೀತಿತ್ತು. ಮಧ್ಯಾಹ್ನದಿಂದ ನಾಲ್ಕು ಕಡೆ ಎಳೆದು, ಕೂತು ನೋಡಿದೆ. ಕೂತ್ರೆ ತಾನೇ ಗೊತ್ತಾಗೋದು?"

"ಸೋಮವಾರದಿಂದ ಕಚೇರಿಗೆ ಬಂದ್ಬಿಡಿ. ಕಿಟಕಿ ಪಕ್ಕದ ಮೇಜು ನಿಮಗೇ ಕೊಡ್ತೀನಿ."

"ಅಯ್ಯೋ, ನನಗೆ ಗೆರೆ ಎಳೆಯೋಕೂ ಬರಲ್ವಲ್ಲ!"

"ಅದಕ್ಕೇನಂತೆ? ಇವರಿದ್ದಾರಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಪಕ್ಕದಲ್ಲೇ ಕೂರಿಸ್ಕೊಳ್ಳಿ. ನೀವು ಹೇಳಿ, ಇವರು ಬರೀತಾರೆ."

ನಕ್ಷೆಗಾರ ಕುಸಿದು ಬೆಂಚಿನ ಮೇಲೆ ಕೂತ. ಬಾಲ್ಕನಿಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ, ಟೈಲರಮ್ಮನಿಗಂತೂ ಆನಂದಬಾಷ್ಪ. ಆ ಗದ್ದಲದ ನಡುವೆ, ಕೆಲಸಕ್ಕೂ ಹೋಗದೆ ನಿಂತಿದ್ದ ಎಲೆಕ್ಟ್ರಿಷಿಯನ್ ಗೇಟಿನಿಂದಲೇ ಕೂಗಿ ಕೇಳಿದ:

"ಮೇಡಂ, ನಿಮ್ಮ ಕಚೇರಿ ಭಾನುವಾರಾನೂ ಇರುತ್ತಾ?"