ನಮ್ಮ ಚಿಗವ್ವನ ಲಂಬ ಪ್ರಕ್ಷೇಪ

ಅವ್ವನ ತಂಗಿ, ನಮ್ಮ ಚಿಗವ್ವನಿಗೆ ತಲೆ ಕೆಟ್ಟಿದೆ ಎಂದು ಅಳವಂಡಿಯಿಂದ ಕೊಪ್ಪಳದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಗಣಿತ ಕಲಿಸುವ ಆಕೆ ಪಾಠವನ್ನು ಅಲ್ಲೇ ಬಿಟ್ಟು ಮನೆಗೆ ಬರುವುದಿಲ್ಲ, ಅಷ್ಟೇ!

ಅದರಲ್ಲೂ ಲಂಬ ಪ್ರಕ್ಷೇಪವೆಂದರೆ ಆಕೆಗೆ ಪ್ರಾಣ. ನಡು ಮಧ್ಯಾಹ್ನ ಅಂಗಳದಲ್ಲಿ ಓರೆಯಾಗಿ ಕೋಲು ಹಿಡಿದು, "ನೋಡವ್ವಾ, ನೆತ್ತಿ ಮ್ಯಾಲಿನ ಬಿಸಿಲು ಕೋಲನ್ನ ನೆಲಕ್ಕ ನೆಟ್ಟಗ ಇಳಸ್ತೈತಿ. ಈ ನೆರಳ ಪ್ರಕ್ಷೇಪ" ಎಂದು ನನಗೆ ಕಲಿಸಿದವಳು. ನಾನು ಓದುತ್ತಿದ್ದದ್ದು ಬಿಎ. ಕೇಳುವವರು ಯಾರು!

ಒಂದು ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿಯಲ್ಲಿ ಮಾತೃಕೆಯನ್ನೇ, ಅಂದರೆ ಅಂಕಿಗಳ ಚೌಕವನ್ನೇ ಹಾಕಿದ್ದಳು. ಮೇಲಿನ ಸಾಲಿನಲ್ಲಿ ಒಂದು, ಎರಡು. ಕೆಳಗೆ ಎರಡು, ನಾಲ್ಕು. ಪಕ್ಕದಲ್ಲಿ 'ಐದರಿಂದ ಭಾಗಿಸು'. ಎದುರುಮನೆಯಾಕೆ ಬೆಚ್ಚಿಬಿದ್ದಳು.

"ಅಕ್ಕಾರ, ಯಾರಿಗರ ಮಾಟ ಮಾಡೀರೇನ್ರಿ?"

"ಮಾಟ ಅಲ್ಲವ್ವಾ. ಬಲಕ್ಕ ಒಂದು, ಮ್ಯಾಲ ಎರಡು ಹೆಜ್ಜಿ ಹೋಗೋ ಗೆರಿ ಐತಲ್ಲ, ಆ ಒಂದು-ಎರಡನ್ನ ನಿಲ್ಲಿಸಿ ಬರದು, ಮಲಗಿಸಿ ಬರದು ಗುಣಿಸಬೇಕು. ಉದ್ದದ ವರ್ಗ ಐದು, ಅದರಿಂದ ಭಾಗಿಸಬೇಕು. ಆಮ್ಯಾಲ ಯಾವ ಚುಕ್ಕಿ ತಂದರೂ ಆ ಗೆರಿ ಮ್ಯಾಲ ನೆಟ್ಟಗ ಇಳಸ್ತೈತಿ!"

"ನಮ್ಮ ಮನ್ಯಾರನ್ನೂ ಇಳಸ್ತೈತೇನ್ರಿ? ಹರಟಿ ಕಟ್ಟಿ ಬಿಟ್ಟು ಇಳಿವಲ್ರು!"

"ನಿನಗ ಎಷ್ಟು ಸಲ ಹೇಳಬೇಕು?" ಎಂದು ಅವ್ವ ಬೈದರೆ ಅದಕ್ಕೂ ಉತ್ತರ ಸಿದ್ಧ: "ಒಂದ ಸಲ ಸಾಕಕ್ಕಾ. ಪ್ರಕ್ಷೇಪ ಮಾಡಿದ್ದನ್ನ ಮತ್ತ ಪ್ರಕ್ಷೇಪ ಮಾಡಿದ್ರ ಅದು ಅಲ್ಲೇ ಇರ್ತೈತಿ!"

ಇಂಥವಳನ್ನು ಕರೆದುಕೊಂಡು ಮೊನ್ನೆ ನಾನೂ ನನ್ನ ಗಂಡನೂ ಗಂಗಾವತಿ ಕಡೆ ಹೋಗಿದ್ದೆವು. ಕಾಲುವೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡೆವು. ಕೈ ತೊಳೆಯಲು ಮೆಟ್ಟಿಲಿಳಿದ ನಮ್ಮವರು ಪಾಚಿಯ ಮೇಲೆ ಕಾಲು ಜಾರಿ ದುಡುಂ ಎಂದು ನೀರಿಗೆ ಬಿದ್ದರು. ಆ ಸದ್ದು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ. ಅವರಿಗೆ ಈಜು ಬರುತ್ತದೆ. ಆದರೆ ಜಾರಿದ ಮೆಟ್ಟಿಲಿಗೇ ಮರಳಬೇಕೆಂದು ಹರಿವಿಗೆ ಎದುರಾಗಿ ಕೈ ಬಡಿಯುತ್ತಿದ್ದರು. ನೀರು ಅವರನ್ನು ದೂರ ಒಯ್ಯುತ್ತಲೇ ಇತ್ತು. ನಾನು ಮೆಟ್ಟಿಲ ಮೇಲೆ ನಿಂತು "ಇಲ್ಲಿ ಬರ್ರಿ, ಇಲ್ಲಿ!" ಎಂದು ಚೀರುತ್ತಿದ್ದೆ.

ಚಿಗವ್ವ ನನ್ನ ವೇಲು ಕಿತ್ತುಕೊಂಡು ನೀರು ಹರಿಯುವ ಕಡೆಗೇ ಓಡಿದಳು.

"ಅಳಿಯಂದ್ರ, ಮೆಟ್ಟಿಲ ಮರೀರಿ! ಎದುರು ಈಸಬ್ಯಾಡ್ರಿ, ದಂಡಿಗೆ ನೆಟ್ಟಗ ಬರ್ರಿ! ಆ ಕಡೆ ನೀರಿನ ಜೋರು ಸೊನ್ನಿ!"

ಆ ಗಳಿಗೆಯಲ್ಲೂ ಪಾಠ! ಆದರೆ ಎಂಥ ಪಾಠ! ನೀರಿನ ಎಳೆತವೆಲ್ಲ ಕಾಲುವೆಯ ಉದ್ದಕ್ಕೆ. ಅದನ್ನು ದಂಡೆಯತ್ತ ಎಳೆದ ಅಡ್ಡಗೆರೆಯ ಮೇಲೆ ಲಂಬವಾಗಿ ಇಳಿಸಿದರೆ ಉಳಿಯುವುದು ಶೂನ್ಯ. ಅವರು ದಂಡೆಯತ್ತ ತಿರುಗಿದರು. ತೇಲುತ್ತ, ಕೈ ಬೀಸುತ್ತ ಬಂದು ತಲುಪಿದ ಜಾಗದಲ್ಲೇ ಚಿಗವ್ವ ಇಳಿಜಾರಿನ ಮೇಲೆ ಬೋರಲಾಗಿ ಮಲಗಿ ವೇಲು ಇಳಿಬಿಟ್ಟಿದ್ದಳು. ನಾನೂ ಓಡಿಹೋಗಿ ಎಳೆದೆ.

"ಚಿಗತ್ತಿ ಕ್ಲಾಸಿನ್ಯಾಗ ನಾ ಪಾಸಾಗೀನ್ರಿ!" ಎಂದು ನಮ್ಮವರು ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಹೆಮ್ಮೆಯಿಂದ ನಾನೂ ಪಕ್ಕದಲ್ಲಿ ನಿಂತಿರುತ್ತೇನೆ. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಅದಲ್ಲ. ಅವರನ್ನು ಎಳೆದು ಹಾಕಿದ ಮೇಲೆ ಚಿಗವ್ವ ಮಣ್ಣಲ್ಲಿ ಕೂತು ಏದುಸಿರು ಬಿಡುತ್ತಿದ್ದಳು.

"ಚಿಗವ್ವಾ, ನಿನಗ ಈಸು ಬರ್ತೈತೇನು?"

"ಇಲ್ಲವ್ವಾ."

"ಮತ್ತ ಜಾರಿ ನೀನ ಬಿದ್ದಿದ್ರ?"

ಆಕೆ ಮಣ್ಣುಗೈಯಿಂದಲೇ ನನ್ನ ಕೆನ್ನೆ ಒರೆಸಿದಳು.

"ಅದೊಂದು ಲೆಕ್ಕ ಹಾಕಾಕ ಮರ್ತೆ ನೋಡು."