ಟೈಪ್ ಬರೆಯುವುದಿಲ್ಲ ಎಂದು ಹಟ ಹಿಡಿದದ್ದು

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಹೇಳುತ್ತೇನೆ.

ಹಾನಗಲ್ಲಿನ ಕಾಲೇಜಿನಲ್ಲಿ ನಾನು ಹದಿನೈದು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದೇನೆ. ಹಂಸಭಾವಿ ಕಡೆಯ ಒಂದು ಕಾಲೇಜಿನವರು ಉಪನ್ಯಾಸಕ್ಕೆ ಕರೆದರು. ನನ್ನ ಪ್ರತಾಪವನ್ನು ಕಣ್ಣಾರೆ ಕಾಣಲಿ ಎಂದು ಹೆಂಡತಿ ಶೈಲಜಾಳನ್ನೂ ಕರೆದುಕೊಂಡು ಹೋದೆ. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ತಂದ ಕಂಪ್ಯೂಟರ್ ಪುಸ್ತಕಗಳನ್ನೆಲ್ಲ ನನಗಿಂತ ಮೊದಲೇ ಓದಿ ಮುಗಿಸುವ ಚಟ ಬೇರೆ. ಆಕೆಯನ್ನು ಕರೆದೊಯ್ದದ್ದೇ ಮೊದಲ ತಪ್ಪು!

"ಈ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಸಂಖ್ಯೆ, ಇದು ಹೆಸರು ಎಂದು ಟೈಪ್ ಬರೆಯುವ ದರ್ದೇ ಇಲ್ಲ. ಕಂಪ್ಯೂಟರ್ ತಾನೇ ಊಹಿಸುತ್ತದೆ!" ಎಂದು ಸಭೆಯಲ್ಲಿ ಘೋಷಿಸಿದೆ. ಪಟ್ಟಿಯನ್ನು ತಲೆಕೆಳಗು ಮಾಡುವ ಒಂದು ಫಂಕ್ಷನ್, ಅಂದರೆ ಕಂಪ್ಯೂಟರಿನಿಂದ ಒಂದು ಕೆಲಸ ಮಾಡಿಸುವ ಸಣ್ಣ ಸೂತ್ರ, ಬರೆದೆ. ರೋಲ್ ನಂಬರಿನ ಪಟ್ಟಿ ಕೊಟ್ಟೆ, ತಿರುವಿತು. ಹೆಸರಿನ ಪಟ್ಟಿ ಕೊಟ್ಟೆ, ಅದನ್ನೂ ತಿರುವಿತು. ಒಂದೇ ಫಂಕ್ಷನ್, ಎಲ್ಲ ನಮೂನೆಯ ಪಟ್ಟಿಗೂ! ಪಾಲಿಮಾರ್ಫಿಕ್ ಎಂದರೆ ಇದೇ ಎಂದೆ. ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿ ಊಟಕ್ಕೆ ಏಳಬೇಕಿತ್ತು.

ಏಳಲಿಲ್ಲ. ಯಾವ ಫಂಕ್ಷನ್ ಕೈಗೆ ಕೊಟ್ಟರೂ ಅದನ್ನು ನಂಬರಿನ ಪಟ್ಟಿಗೂ ಹೆಸರಿನ ಪಟ್ಟಿಗೂ ಒಟ್ಟಿಗೇ ಹಚ್ಚುವ ಇನ್ನೊಂದು ದೊಡ್ಡ ಫಂಕ್ಷನ್ ಬರೆದು, ಅದರ ಕೈಗೆ ಮೊದಲಿನ ತಿರುವುವ ಫಂಕ್ಷನ್ ಕೊಟ್ಟು ಎಂಟರ್ ಒತ್ತಿದೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ!

"ನಿಮ್ಮ ಕಂಪ್ಯೂಟರ್ ಹಳೇದೈತ್ರಿ!" ಎಂದು ಪ್ರಾಂಶುಪಾಲರ ಮೇಲೆ ಹರಿಹಾಯ್ದೆ.

"ಹ್ವಾದ ತಿಂಗಳ ತಂದೇವ್ರಿ," ಎಂದರು ಅವರು ಮೆಲ್ಲಗೆ.

ಪಕ್ಕದ ಕಂಪ್ಯೂಟರಿಗೆ ಹಾರಿದೆ. ಅಲ್ಲಿಯೂ ಅದೇ ಕೆಂಪು!

ಮುಂದಿನ ಸಾಲಿನಿಂದ ಶೈಲಜಾ ಬಾಯಿ ಬಿಟ್ಟಳು. "ರೀ, ಹೊರಗಿಂದ ಕೊಟ್ಟ ಫಂಕ್ಷನ್ನು ಎಲ್ಲಾ ನಮೂನಿಗೂ ನಡೀತೈತಿ ಅಂತ ಅದು ತಾನ ಊಹೆ ಮಾಡಂಗಿಲ್ಲ. ನಂಬರಿಗಷ್ಟ ಅಂತ ಹಿಡಕೊಂಡು ಕುಂತೈತಿ. ಅಲ್ಲಿ ಟೈಪ್ ನೀವ ಬರೀಬೇಕು. ಆ ಕೆಂಪು ಸಾಲು ಒಮ್ಮೆ ಓದ್ರಲಾ!"

"ನನಗ ಕಲಸಾಕ ಬರಬ್ಯಾಡ! ಬರಿಯಂಗಿಲ್ಲಂದ್ರ ಬರಿಯಂಗಿಲ್ಲ!" ಎಂದು ಗುಡುಗಿ ಕೀಬೋರ್ಡಿಗೆ ಗುದ್ದಿದೆ. ಎಂಟರ್ ಕೀಲಿ ಕಿತ್ತು ಹಾರಿತು! ಪ್ರಾಂಶುಪಾಲರ ಸಮೇತ ಇಡೀ ಸಭೆ ಬೆಂಚುಗಳ ಕೆಳಗೆ ಬಗ್ಗಿ ಹುಡುಕತೊಡಗಿತು. ನಾನೂ ಬಗ್ಗಿದೆ. ಏಳುವಾಗ ಟೇಬಲ್ಲು ತಲೆಗೆ ಬಡಿಯಿತು. ಟೇಬಲ್ಲಿಗೂ ಬೈದೆ.

ಅಷ್ಟರಲ್ಲಿ ಶೈಲಜಾ ಮೊದಲಿನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಒಂದೇ ಒಂದು ಸಾಲು ಸೇರಿಸಿದಳು. ಕೈಗೆ ಬರುವ ಫಂಕ್ಷನ್ ಯಾವ ನಮೂನೆಯ ಪಟ್ಟಿಗಾದರೂ ನಡೆಯುವಂಥದ್ದು ಎಂಬ ಟೈಪು, ಅಷ್ಟೇ. ಎರಡೂ ಪಟ್ಟಿಗಳು ತಣ್ಣಗೆ ತಿರುಗಿ ನಿಂತವು! ಈ ಸಲದ ಚಪ್ಪಾಳೆ ನನ್ನದಕ್ಕಿಂತ ದೊಡ್ಡದು.

"ಊಹೆ ಮಾಡೂದಕ್ಕೂ ಒಂದು ಮಿತಿ ಇರ್ತೈತ್ರಿ. ಆಗದ ಕಡೆ ನಾವ ಬಿಡಿಸಿ ಹೇಳಬೇಕು," ಎಂದು ಮಕ್ಕಳಿಗೆ ವಿವರಿಸಿದಳು. ನನ್ನ ಕಡೆ ನೋಡಲಿಲ್ಲ.

ವಂದನಾರ್ಪಣೆಯಲ್ಲಿ ಪ್ರಾಂಶುಪಾಲರು "ಶೈಲಜಾ ಮೇಡಂ ಅವರಿಗೂ, ಅವರ ಜೊತೆ ಬಂದವರಿಗೂ" ಧನ್ಯವಾದ ಹೇಳಿದರು. ಆಮೇಲೆ ಎಲ್ಲರೂ ಆಕೆಯ ಸುತ್ತ ಫೋಟೋಕ್ಕೆ ನಿಂತರು. ನಾನೂ ಕಾಲರ್ ಸರಿಮಾಡಿಕೊಂಡು ಹೊರಟೆ. ಒಬ್ಬ ಹುಡುಗಿ ನನ್ನ ಕೈಗೆ ಫೋನು ಕೊಟ್ಟಳು.

"ಸರ್, ಒಂದು ಫೋಟೋ ತಗೀರಿ."

ಹಲ್ಲು ಕಚ್ಚಿ ತೆಗೆದೆ. ಅದರಲ್ಲೂ ಅರ್ಧ ನನ್ನ ಬೆರಳೇ ಬಂದಿತ್ತು!